ಜ್ಯೂರಿಯ ಕರೆ ಬಂದಾಗ

ಕೆಲವು ದಿನಗಳ ಹಿಂದೆ ನಮ್ಮ ವಾಚನಾಲಯದಲ್ಲಿ ಹಿರಿಯ ಸದಸ್ಯರೊಬ್ಬರು ಪತ್ರಿಕೆಯನ್ನು ಮುಂದಿಟ್ಟುಕೊಂಡು ಓದದೆ ಸುಮ್ಮನೆ ಕುಳಿತಿದ್ದರು. ವಿಚಾರಿಸಲಾಗಿ, ಅಮೇರಿಕೆಯಲ್ಲಿರುವ ಅವರ ಮಗನಿಗೆ ಕೋರ್ಟಿನಿಂದ ಸಮನ್ಸು ಬಂದಿದೆಯೆಂದು ತಿಳಿಯಿತು. "ನಮ್ಮ ಮನೆತನದಾಗ ಯಾರೂ ಕೋರ್ಟಿನ ಕಟ್ಟೆ ಹತ್ತಿದವರಲ್ಲರಿ. ಇವನು ಏನು ಮಾಡಿಕೊಂಡಾನೋ!" ಎಂದರು. ಮಗನು ಏನನ್ನೂ ಮಾಡಿಕೊಂಡಿರಲಿಲ್ಲ. ಬಂದದ್ದು ಜ್ಯೂರಿಯ ಕರೆ. ಇದನ್ನು ಬಿಡಿಸಿ ಹೇಳಿದಾಗ ಅವರು ಸಮಾಧಾನಗೊಂಡು, "ನಮ್ಮ ದೇಶದಾಗ ಇದು ಇತ್ತೇ? ನಾಳೆ ನನಗೂ ಬಂದೀತೇ?" ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಇತ್ತು, ನಮ್ಮ ಪುಣೆಯಲ್ಲಿಯೇ ಇತ್ತು. 1861ರ ಕ್ರಿಮಿನಲ್ ಪ್ರೊಸೀಜರ್ ಕಾಯಿದೆಯ ಮೇರೆಗೆ ಸರಕಾರವು ತಾನು ಆರಿಸಿದ ಜಿಲ್ಲೆಗಳ ಸೆಷನ್ಸ್ ಕೋರ್ಟುಗಳಲ್ಲಿ ಜ್ಯೂರಿಯನ್ನು ಕೂಡಿಸಬಹುದಾಗಿತ್ತು. ಮುಂಬಯಿ ಇಲಾಖೆಯಲ್ಲಿ ಪುಣೆ, ಬೆಳಗಾವಿ ಮುಂತಾದ ಕೆಲವೇ ಜಿಲ್ಲೆಗಳಿಗೆ ಈ ಪದ್ಧತಿ ಬಂದಿತು. ಉಳಿದ ಕಡೆ ಇದ್ದವರು ಅಸೆಸರರು. ಇವರೂ ಊರಿನ ಗೃಹಸ್ಥರೇ. ನ್ಯಾಯಾಧೀಶರ ಪಕ್ಕದಲ್ಲಿ ಕುಳಿತು ವಿಚಾರಣೆಯನ್ನು ಕೇಳಿ ಕೊನೆಗೆ ತಮ್ಮ ಅಭಿಪ್ರಾಯವನ್ನು ಹೇಳುತ್ತಿದ್ದರು. ನ್ಯಾಯಾಧೀಶರು ಅದನ್ನು ಕೇಳಿಕೊಂಡು ತಮಗೆ ತೋರಿದಂತೆ ತೀರ್ಪು ಕೊಡುತ್ತಿದ್ದರು! 1955ರ ತಿದ್ದುಪಡಿಯಿಂದ ಅಸೆಸರರ ಪದ್ಧತಿ ಹೋಯಿತು. ಹೋದದ್ದಕ್ಕೆ ಯಾರೂ ಅತ್ತಂತೆ ಕಾಣುವುದಿಲ್ಲ.

ಜ್ಯೂರಿಯವರ ಮಾತಿಗೆ ತೂಕವಿತ್ತು. 1898ರ ಕಾಯಿದೆಯ ಪ್ರಕಾರ, ಜಿಲ್ಲೆಯಲ್ಲಿ ವಾಸಿಸುವ 21ರಿಂದ 60 ವರ್ಷದ ಗಂಡಸರೆಲ್ಲ ಈ ಕೆಲಸಕ್ಕೆ ಹೊಣೆಯಾಗಿದ್ದರು. ಪೋಲೀಸರು, ಸೈನಿಕರು, ವೈದ್ಯರು, ಪೌರೋಹಿತ್ಯ ನಡೆಸುವವರು ಮೊದಲಾದವರಿಗೆ ವಿನಾಯಿತಿ. ಸೆಷನ್ಸ್ ಜಡ್ಜರೂ ಕಲೆಕ್ಟರರೂ ಸೇರಿ ಹೆಸರುಗಳ ಯಾದಿಯನ್ನು ಸಿದ್ಧಪಡಿಸಿ ಪ್ರಕಟಿಸುತ್ತಿದ್ದರು. ಕರೆ ಬಂದೂ ಹಾಜರಾಗದವನಿಗೆ ನೂರು ರೂಪಾಯಿಯವರೆಗೆ ದಂಡ ಹಾಕಬಹುದಿತ್ತು. ಆಗಿನ ಕಾಲಕ್ಕೆ ಕಾರಕೂನನೊಬ್ಬನಿಗೆ ಇದು ಸಣ್ಣ ಮೊತ್ತವಲ್ಲ.

ಕೋರ್ಟಿಗೆ ಬಂದವರಲ್ಲಿ ಚೀಟಿ ಎತ್ತಿ ಜ್ಯೂರಿಯನ್ನು ಆರಿಸುತ್ತಿದ್ದರು. ಸಂಖ್ಯೆ ಬೆಸವಾಗಿರಬೇಕು, ಜಿಲ್ಲೆಗಳಲ್ಲಿ ಐದಕ್ಕೆ ಕಡಿಮೆಯಿಲ್ಲ, ಒಂಬತ್ತಕ್ಕೆ ಹೆಚ್ಚಿಲ್ಲ. ಹೆಸರನ್ನು ಕೂಗಿದೊಡನೆ ಆರೋಪಿಯಾಗಲಿ ಸರಕಾರದ ವಕೀಲರಾಗಲಿ ಆಕ್ಷೇಪಿಸಬಹುದಾಗಿತ್ತು. ಆಕ್ಷೇಪಣೆಯ ಕಾರಣಗಳನ್ನು ಕಾಯಿದೆಯಲ್ಲಿಯೇ ಬರೆದಿದ್ದರು. ಅವುಗಳಲ್ಲಿ ಒಂದು, ವ್ರತದಿಂದಲೋ ರೂಢಿಯಿಂದಲೋ ಲೌಕಿಕ ವ್ಯವಹಾರಗಳನ್ನು ತ್ಯಜಿಸಿದವನು ಎಂಬುದು. ಸಂನ್ಯಾಸಿಗೆ ಜ್ಯೂರಿಯ ಪೀಠವಿಲ್ಲ! ನಮ್ಮಂಥ ಪರಸ್ಥಳದವರಿಗೆ ಸಂಬಂಧಿಸಿದ್ದು ಇನ್ನೊಂದು ಕಾರಣ. ಸಾಕ್ಷಿ ನುಡಿಯುವ ಭಾಷೆಯಾಗಲಿ ಅದನ್ನು ಅನುವಾದಿಸಿ ಹೇಳುವ ಭಾಷೆಯಾಗಲಿ ತಿಳಿಯದವನನ್ನು ಜ್ಯೂರಿಯಿಂದ ತೆಗೆಯಬಹುದಾಗಿತ್ತು.

ಈ ಮಾತಿಗೆ ನಮ್ಮ ಮನೆಯದೇ ಒಂದು ಸಂಗತಿಯಿದೆ. ನಮ್ಮ ಅಜ್ಜನವರು ಧಾರವಾಡದ ಕಡೆಯಿಂದ ಪುಣೆಗೆ ಬಂದು ವ್ಯಾಪಾರಸ್ಥರೊಬ್ಬರ ಪೇಢಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸ್ವಾತಂತ್ರ್ಯಕ್ಕೆ ಮುಂಚಿನ ಮಾತು. ಅವರಿಗೆ ಜ್ಯೂರಿಯ ಸಮನ್ಸು ಬಂದಾಗ ಅಜ್ಜಿ ದೇವರ ಮುಂದೆ ದೀಪ ಹಚ್ಚಿಟ್ಟರಂತೆ. ಪೇಢಿಯ ಧಣಿ ಆ ದಿನಗಳ ಪಗಾರ ಹಿಡಿದನೆಂಬುದು ಅಜ್ಜನವರು ಕೊನೆಯವರೆಗೂ ಮರೆಯದ ಮಾತು. ಅವರ ಹೆಸರು ಬಂದಾಗ, ಇವರು ಕಾನಡಿಯವರು, ಮರಾಠಿ ತಿಳಿಯುತ್ತದೆಯೇ ಎಂದು ವಕೀಲರೊಬ್ಬರು ಎದ್ದು ಕೇಳಿದರು. ಅಜ್ಜನವರು ಮರಾಠಿಯಲ್ಲಿಯೇ, "ದಿನವೆಲ್ಲ ಲೆಕ್ಕವನ್ನು ಮೋಡಿಯಲ್ಲಿ ಬರೆಯುತ್ತೇನೆ" ಎಂದರು. ಕೂತುಕೊಳ್ಳಲು ಹೇಳಿದರು. ಖಟ್ಲೆ ಖೂನಿಯದು, ಆರೋಪಿ ಹಳ್ಳಿಯ ಒಕ್ಕಲಿಗ. ಸಾಕ್ಷಿದಾರರ ಗ್ರಾಮ್ಯ ಮರಾಠಿಯಲ್ಲಿ ಎಷ್ಟೋ ಶಬ್ದಗಳು ತಮಗೆ ಅರ್ಥವಾಗಲಿಲ್ಲವೆಂದೂ, ಪಕ್ಕದಲ್ಲಿದ್ದ ಪೇಟೆಯ ಪುಣೇಕರರಿಗೂ ಅಷ್ಟೇ ಗತಿಯಾಗಿತ್ತೆಂದೂ, ಇಬ್ಬರೂ ನಾಚಿಕೆಯಿಂದ ಬಾಯಿ ಬಿಡಲಿಲ್ಲವೆಂದೂ ಅವರು ಹೇಳುತ್ತಿದ್ದರು. "ಒಬ್ಬನ ಜೀವದ ಪ್ರಶ್ನೆ ಇತ್ತಪ್ಪಾ, ಕೇಳಬೇಕಾಗಿತ್ತು" ಎಂಬಷ್ಟಕ್ಕೆ ನಿಲ್ಲಿಸುತ್ತಿದ್ದರು. ತಾವು ಯಾವ ಅಭಿಪ್ರಾಯ ಕೊಟ್ಟರೆಂಬುದನ್ನು ನಮಗೆ ಹೇಳಲೇ ಇಲ್ಲ.

ಭಾಷೆಯ ಈ ತೊಡಕು ಪುಣೆಯ ಅತಿ ಪ್ರಸಿದ್ಧ ಆರೋಪಿಯ ಪಾಲಿಗೂ ಬಂದಿತ್ತು. ಲೋಕಮಾನ್ಯ ಟಿಳಕರ ಮೇಲೆ 1897ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ರಾಜದ್ರೋಹದ ಖಟ್ಲೆ ನಡೆದಾಗ, ಒಂಬತ್ತು ಜನರ ಜ್ಯೂರಿಯಲ್ಲಿ ಆರು ಮಂದಿ ಯುರೋಪಿಯನ್ನರು, ಮೂವರು ಭಾರತೀಯರು. ಆರು ಮಂದಿ ಅಪರಾಧಿಯೆಂದರು, ಮೂವರು ಅಲ್ಲವೆಂದರು. ಹದಿನೆಂಟು ತಿಂಗಳ ಶಿಕ್ಷೆಯಾಯಿತು. 1908ರಲ್ಲಿ ಮತ್ತೆ ಖಟ್ಲೆಯಾದಾಗ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರಸಿಗಳು. ಅಭಿಪ್ರಾಯವೂ ಏಳಕ್ಕೆ ಎರಡು. ಆರೋಪಕ್ಕೆ ಗುರಿಯಾದ ಲೇಖನಗಳು 'ಕೇಸರಿ'ಯ ಮರಾಠಿಯಲ್ಲಿ. ತೂಗಿ ನೋಡಬೇಕಾದವರಿಗೆ ಮರಾಠಿ ಬಾರದು. ಅವರ ಕೈಗೆ ಬಂದದ್ದು ಇಂಗ್ಲಿಷ್ ಅನುವಾದ. ಟಿಳಕರು ಈ ಆಕ್ಷೇಪಣೆಯನ್ನು ಮೊದಲೇ ಎತ್ತಿದ್ದರು. ಅನುವಾದ ತಪ್ಪೆಂದು ಒಂದೊಂದು ಶಬ್ದವನ್ನು ಹಿಡಿದು ದಿನಗಟ್ಟಲೆ ವಾದಿಸಿದರು. ಜುಲೈ 22ರಂದು ಆರು ವರ್ಷಗಳ ಗಡೀಪಾರು ವಿಧಿಸಿದ ನ್ಯಾಯಮೂರ್ತಿ ದಾವರರು 1897ರಲ್ಲಿ ಇದೇ ಟಿಳಕರಿಗೆ ಜಾಮೀನು ಕೊಡಿಸಲು ವಕೀಲರಾಗಿ ನಿಂತಿದ್ದವರು! ಇಂಥ ಜ್ಯೂರಿಯನ್ನು 'ಸಮಾನಸ್ಕಂಧರ ಪಂಚಾಯಿತಿ' ಎಂದು ಕರೆಯಲು ನನಗಂತೂ ಮನಸ್ಸು ಬಾರದು. ಆದರೆ ದೋಷವು ಆರಿಸಿದ ರೀತಿಯದೋ ಪದ್ಧತಿಯದೋ ಎಂಬುದು ಬೇರೆ ಪ್ರಶ್ನೆ.

ನಾನಾವಟಿ ಖಟ್ಲೆಯಿಂದಾಗಿ ಜ್ಯೂರಿ ರದ್ದಾಯಿತೆಂದು ಸಿನೆಮಾ ನೋಡಿದವರು ಹೇಳುವುದುಂಟು. ಇದು ಪೂರ್ತಿ ಸರಿಯಲ್ಲ. 1958ರಲ್ಲಿಯೇ, ಸೆಟಲ್‌ವಾಡರ ಅಧ್ಯಕ್ಷತೆಯ ಲಾ ಕಮಿಶನ್ನು ತನ್ನ ಹದಿನಾಲ್ಕನೆಯ ವರದಿಯಲ್ಲಿ ಜ್ಯೂರಿಯನ್ನು ತೆಗೆದುಹಾಕಬೇಕೆಂದು ಶಿಫಾರಸು ಮಾಡಿತ್ತು. ಮರುವರ್ಷ, ನೌಕಾದಳದ ಅಧಿಕಾರಿ ನಾನಾವಟಿಯ ಖೂನಿ ಖಟ್ಲೆಯಲ್ಲಿ ಮುಂಬಯಿಯ ಜ್ಯೂರಿಯ ಎಂಟು ಮಂದಿ ನಿರಪರಾಧಿಯೆಂದೂ ಒಬ್ಬರು ಅಪರಾಧಿಯೆಂದೂ ಹೇಳಿದರು. ಸೆಷನ್ಸ್ ಜಡ್ಜರಿಗೆ ಇದು ಒಪ್ಪಿಗೆಯಾಗಲಿಲ್ಲ. ಹೀಗಾದಾಗ ಖಟ್ಲೆಯನ್ನು ಹೈಕೋರ್ಟಿಗೆ ಕಳಿಸಲು ಕಾಯಿದೆಯ 307ನೆಯ ಕಲಮು ಅವಕಾಶ ಕೊಟ್ಟಿತ್ತು. ಹೈಕೋರ್ಟು ಜನ್ಮಠೇಪು ವಿಧಿಸಿತು. 1961ರ ನವೆಂಬರ 24ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಜ್ಯೂರಿಯ ಹೆಸರು ಕೆಟ್ಟಿತೆಂಬುದು ನಿಜ. ಆದರೂ ಕಲಕತ್ತೆಯಂಥ ಕಡೆಗಳಲ್ಲಿ ಅದು ಆಮೇಲೆಯೂ ನಡೆದು, 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಕ್ರಿಮಿನಲ್ ಕಾಯಿದೆಯಲ್ಲಿ ಪೂರ್ತಿ ನಿಂತುಹೋಯಿತು. ಪಾರಸಿಗಳ ವಿವಾಹ ಕೋರ್ಟಿನಲ್ಲಿ ಮಾತ್ರ ಅದರ ಒಂದು ಎಳೆ ಉಳಿದಿದೆ. 1936ರ ಅವರ ಕಾಯಿದೆಯ ಮೇರೆಗೆ ಸಮಾಜದ ಪ್ರತಿನಿಧಿಗಳು ಜಡ್ಜರೊಡನೆ ಕೂಡುತ್ತಾರೆ. ಮೊದಲು ಏಳು ಮಂದಿ, 1988ರ ತಿದ್ದುಪಡಿಯ ನಂತರ ಐದು.

ಆದ್ದರಿಂದ ನಮ್ಮ ಸದಸ್ಯರಿಗೆ ಪುಣೆಯಲ್ಲಿ ಜ್ಯೂರಿಯ ಕರೆ ಬರಲಾರದು. ಬರಬಹುದಾದದ್ದು ಪಂಚನಾಗಲು ಕರೆ. ಪೋಲೀಸರು ಮನೆ ಅಂಗಡಿಗಳನ್ನು ಝಡತಿ ಮಾಡುವಾಗ ನೆರೆಹೊರೆಯ ಇಬ್ಬರಾದರೂ ಮರ್ಯಾದಸ್ಥರು ಎದುರಿಗಿರಬೇಕೆಂಬ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೆ. ಲಿಖಿತ ಆಜ್ಞೆ ಕೊಟ್ಟಾಗ ಸರಿಯಾದ ಕಾರಣವಿಲ್ಲದೆ ನಿರಾಕರಿಸುವುದು ಅಪರಾಧ. ಪಂಚನಾದವನು ಕೋರ್ಟು ವಿಶೇಷವಾಗಿ ಕರೆಸಿದ ಹೊರತು ಸಾಕ್ಷಿಗೆ ಹೋಗಬೇಕಾಗಿಲ್ಲ. ಆದರೆ ಪಂಚನಾಮೆ ಇಲ್ಲಿ ಮರಾಠಿಯಲ್ಲಿರುತ್ತದೆ. ಓದಲು ಬಾರದಿದ್ದರೆ ಓದಿಸಿ ಕೇಳಿ, ಕಣ್ಣಾರೆ ಕಂಡದ್ದಷ್ಟೇ ಅದರಲ್ಲಿದೆಯೆಂದು ಖಾತ್ರಿಯಾದ ಮೇಲೆ ಸಹಿ ಮಾಡಬೇಕು. ನಮ್ಮ ಅಜ್ಜನವರಂತೆ ನಾಚಿಕೊಳ್ಳಬಾರದು.

ಇನ್ನು ಅಮೇರಿಕೆಯ ಮಾತು. ಅನೇಕ ಸದಸ್ಯರ ಮಕ್ಕಳು ಅಲ್ಲಿರುವುದರಿಂದ ಇದನ್ನು ತಿಳಿದಿರುವುದು ಒಳ್ಳೆಯದು. ಜ್ಯೂರಿಯಲ್ಲಿ ಕೂಡಬಲ್ಲವರು ಹದಿನೆಂಟು ತುಂಬಿದ ಅಲ್ಲಿಯ ನಾಗರಿಕರು ಮಾತ್ರ. ಗ್ರೀನ್ ಕಾರ್ಡಿನವರೂ ವೀಸಾದವರೂ ಅಲ್ಲ. ಆದರೆ ಕೆಲವೆಡೆ ಮೋಟಾರು ಲೈಸೆನ್ಸಿನ ಯಾದಿಯಿಂದಲೂ ಹೆಸರು ತೆಗೆಯುವುದರಿಂದ ನಾಗರಿಕರಲ್ಲದವರಿಗೂ ಕಾಗದ ಬರುವುದುಂಟು. ಅಂಥವರು ಅದನ್ನು ಕಸದ ಬುಟ್ಟಿಗೆ ಹಾಕಬಾರದು. ನಾನು ನಾಗರಿಕನಲ್ಲ ಎಂದು ಫಾರ್ಮಿನಲ್ಲಿ ತುಂಬಿ ತಿರುಗಿ ಕಳಿಸಬೇಕು. ಅವಸರದಲ್ಲಿ ನಾಗರಿಕನೆಂದು ಗುರುತು ಹಾಕಿದರೆ ಮುಂದೆ ಆ ದೇಶದಲ್ಲಿ ಇರುವುದಕ್ಕೇ ಸಂಚಕಾರ ಬಂದೀತು. ನಾಗರಿಕರಾದವರು ಹೋಗಲೇಬೇಕು, ಜ್ಯೂರಿಗೆ ಹೋದನೆಂದು ಕೆಲಸದಿಂದ ತೆಗೆಯುವುದಕ್ಕೆ ಅಲ್ಲಿ ಕಾಯಿದೆಯ ಅಡ್ಡಿಯಿದೆ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಬೇಕಾದರೆ ಜ್ಯೂರಿಯವರೆಲ್ಲರ ಒಮ್ಮತ ಬೇಕೆಂದು ಅಲ್ಲಿಯ ಸುಪ್ರೀಂ ಕೋರ್ಟು 2020ರಲ್ಲಿ ಎಲ್ಲ ರಾಜ್ಯಗಳಿಗೂ ಅನ್ವಯಿಸುವಂತೆ ಹೇಳಿದೆ. ನಮ್ಮಲ್ಲಿದ್ದ ಏಳಕ್ಕೆ ಎರಡು, ಎಂಟಕ್ಕೆ ಒಂದು ಎಂಬ ಲೆಕ್ಕ ಅಲ್ಲಿ ನಡೆಯದು.

ಆ ಸದಸ್ಯರ ಮಗ ಅಲ್ಲಿಯ ನಾಗರಿಕನಾಗಿದ್ದರಿಂದ ಗೊತ್ತಾದ ದಿನ ಕೋರ್ಟಿಗೆ ಹೋದನಂತೆ. ದೊಡ್ಡ ಕೋಣೆಯೊಂದರಲ್ಲಿ ನೂರಾರು ಜನರ ನಡುವೆ ಸಂಜೆಯವರೆಗೆ ಕಾದು ಕುಳಿತನು. ಅವನ ಸರದಿ ಬರಲೇ ಇಲ್ಲ. ಮನೆಗೆ ಹೋಗಬಹುದೆಂದು ಹೇಳಿ ಕಳಿಸಿಕೊಟ್ಟರು. ಮತ್ತೆ ಕರೆಯುತ್ತಾರೆಯೇ ಎಂದು ತಾಯಿ ದಿನವೂ ಫೋನಿನಲ್ಲಿ ಕೇಳುತ್ತಿದ್ದಾರೆ.