ಪರರ ಚೀಲ, ಗಾಂಜಾ ಮತ್ತು ರೈಲು ಪ್ರಯಾಣ

ಸುಳ್ಳ, ಬ್ಯಾಹಟ್ಟಿ, ಹೆಬಸೂರ ಮುಂತಾದ ಊರುಗಳ ತರುಣರು ದುಡಿಮೆಗಾಗಿ ಪರಸ್ಥಳಕ್ಕೆ ಹೊರಟರೆ ಮೊದಲು ತುಳಿಯುವುದು ಹುಬ್ಬಳ್ಳಿಯ ರೈಲು ನಿಲ್ದಾಣವನ್ನು. ಅಲ್ಲಿಂದ ಪಶ್ಚಿಮಕ್ಕೆ ಹೊರಟ ಗಾಡಿ ಲೋಂಡಾ ದಾಟಿ, ಕ್ಯಾಸಲ್‌ರಾಕ್‌ನ ಘಟ್ಟವಿಳಿದು ಗೋವೆಯನ್ನು ಸೇರುತ್ತದೆ. ಪೂರ್ವಕ್ಕೆ ಹೊರಟದ್ದು ಗದಗ, ಹೊಸಪೇಟೆ, ಬಳ್ಳಾರಿಗಳ ಮೂಲಕ ಆಂಧ್ರಕ್ಕೆ ಹೋಗುತ್ತದೆ. ಆಂಧ್ರ ಮತ್ತು ಒಡಿಶಾ ಗಡಿಯ ಬೆಟ್ಟಸೀಮೆ ಗಾಂಜಾದ ಕಳ್ಳಬೆಳೆಗೆ ಬಹುಕಾಲದಿಂದ ಕುಖ್ಯಾತವಾದುದು. ಬೆಳೆಯುವ ಸೀಮೆಯಿಂದ ಮಾರುವ ಊರಿಗೆ ಸರಕನ್ನು ಮುಟ್ಟಿಸಲು ದಂಧೆಯವರು ತಾವು ಬರುವುದಿಲ್ಲ. ಬಡ ಹುಡುಗನೊಬ್ಬನನ್ನು ಹುಡುಕುತ್ತಾರೆ. “ಈ ಚೀಲವನ್ನು ಇಂಥ ನಿಲ್ದಾಣದಲ್ಲಿ ಕೊಟ್ಟುಬಿಡು, ಟಿಕೆಟ್ಟಿನ ಹಣ ನಮ್ಮದು” ಎಂಬಷ್ಟೇ ಮಾತು. ಮನೆಯವರಿಗೆ ಸಂಗತಿ ತಿಳಿಯುವುದು ಪೊಲೀಸರಿಂದ.

ಗೋವಾ ವಿಮೋಚನೆಗೆ ಮೊದಲು ಕ್ಯಾಸಲ್‌ರಾಕ್ ನಿಜಕ್ಕೂ ಪರದೇಶದ ಗಡಿಯಾಗಿತ್ತು. ಆಚೆ ಪೋರ್ಚುಗೀಸರ ಆಡಳಿತ, ಈಚೆ ಸುಂಕದ ತಪಾಸಣೆ. ಆ ಕಾಲ 1961ಕ್ಕೆ ಮುಗಿಯಿತು. ಆದರೂ ಗೋವೆಯಲ್ಲಿ ಇದೆಲ್ಲ ನಡೆಯುತ್ತದೆ ಎಂಬ ಭ್ರಮೆ ಕೆಲವು ಹುಡುಗರಲ್ಲಿ ಉಳಿದಿದೆ. 1985ರ ಮಾದಕ ವಸ್ತುಗಳ ಕಾಯ್ದೆ ಎರಡೂ ಕಡೆ ಒಂದೇ. ಗಾಂಜಾ 1 ಕೆ.ಜಿ.ಯೊಳಗಿದ್ದರೆ 1 ವರ್ಷದವರೆಗೆ ಸೆರೆವಾಸ, ಇಲ್ಲವೆ 10,000 ರೂ.ವರೆಗೆ ದಂಡ, ಇಲ್ಲವೆ ಎರಡೂ. ಅದಕ್ಕಿಂತ ಹೆಚ್ಚಾದರೆ 10 ವರ್ಷಗಳವರೆಗೆ. 20 ಕೆ.ಜಿ. ಮೀರಿದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ, ಜೊತೆಗೆ ಕನಿಷ್ಠ 1 ಲಕ್ಷ ರೂ. ದಂಡ, ಜಾಮೀನು ಸಿಗುವುದೂ ಬಹು ಕಷ್ಟ. ಚೀಲ ಆತನ ವಶದಲ್ಲಿತ್ತೆಂದು ಸಿದ್ಧವಾದ ಮೇಲೆ “ಒಳಗೇನಿತ್ತೋ ನಾನರಿಯೆ” ಎಂದರೆ ಸಾಲದು. ಅರಿಯದಿದ್ದುದನ್ನು ಆರೋಪಿಯೇ ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಕೂಲಿಕಾರನ ಮಗನಿಗೆ ಇದು ಎಷ್ಟು ದುಸ್ಸಾಧ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಂಜಾ ಶಿವನಿಗೆ ಪ್ರಿಯವೆಂಬ ಮಾತನ್ನು ಜಾತ್ರೆಗಳಲ್ಲಿ ಕೇಳುತ್ತೇವೆ. ಕಾಯ್ದೆ ಅದಕ್ಕೆ ವಿನಾಯಿತಿ ಕೊಟ್ಟಿಲ್ಲ.

ಆರೋಗ್ಯದ ಮಾತಿಗೆ ಬರೋಣ. ಹಣಕ್ಕಾಗಿ ಹೊರುವವರಂತೆ, ಚಟಕ್ಕಾಗಿ ಹೊರುವವರೂ ಇದ್ದಾರೆ. ಹೋದ ಊರಿನಲ್ಲಿ ಸಿಗದಿದ್ದರೆ ಎಂಬ ಅಂಜಿಕೆಯಿಂದಲೇ ಅವರು ಪೊಟ್ಟಣವನ್ನು ಬಟ್ಟೆಯೊಳಗಿಟ್ಟು ಗಾಡಿ ಹತ್ತುತ್ತಾರೆ. ಆ ಅಂಜಿಕೆಯೇ ವ್ಯಸನದ ಲಕ್ಷಣ. ನಿತ್ಯ ಸೇದುವವನು ಹಠಾತ್ತನೆ ಬಿಟ್ಟರೆ ಒಂದೆರಡು ದಿನಗಳಲ್ಲಿ ಸಿಡಿಮಿಡಿ, ತಳಮಳ, ನಿದ್ರಾಭಂಗ, ಊಟ ಸೇರದಿರುವಿಕೆ ಕಾಣಿಸಿಕೊಳ್ಳುತ್ತವೆ. ಮೊದಲ ವಾರದಲ್ಲಿ ತೀವ್ರವಾಗಿದ್ದು, ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಇಳಿಯುತ್ತವೆ. ಲಾಕಪ್ಪಿನಲ್ಲಿ ಇವನ್ನು ಅನುಭವಿಸುವುದಕ್ಕೂ ಮನೆಯವರ ಆರೈಕೆಯಲ್ಲಿ ಕಳೆಯುವುದಕ್ಕೂ ಅಂತರವೆಷ್ಟು! ಗಾಂಜಾದ ಅಮಲಿನ ಅಂಶ ಶರೀರದ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ, ಬಹುಕಾಲ ಸೇದಿದವನ ಮೂತ್ರದಲ್ಲಿ ವಾರಗಟ್ಟಲೆ ಅದರ ಗುರುತು ಉಳಿಯುತ್ತದೆ. ಹದಿಹರೆಯದಲ್ಲಿ ಆರಂಭಿಸಿ ನಿತ್ಯವೂ ಸೇದುವವರಲ್ಲಿ ಇಲ್ಲದ ದನಿ ಕೇಳುವುದು, ಎಲ್ಲರ ಮೇಲೂ ಸಂಶಯ ಮೂಡುವುದು ಮುಂತಾದ ಚಿತ್ತವಿಕಾರದ ಅಪಾಯ ಹೆಚ್ಚು. ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದರಂತೂ ಇನ್ನೂ ಹೆಚ್ಚು. ಇಂತಹ ಮಗನನ್ನು ದೆವ್ವ ಬಡಿದಿದೆಯೆಂದು ಊರೂರು ತಿರುಗಿಸುವ ತಾಯ್ತಂದೆಯರು ನಮ್ಮ ಭಾಗದಲ್ಲಿ ಈಗಲೂ ಇದ್ದಾರೆ. ಅವರು ಹೋಗಬೇಕಾದುದು ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ.

ಕೇಸಾದೀತೆಂಬ ಭಯದಿಂದ ಕೆಲವರು ಚಿಕಿತ್ಸೆಗೂ ಹಿಂಜರಿಯುತ್ತಾರೆ. ಇದೇ ಕಾಯ್ದೆಯ 64ಎ ಕಲಮು ಅವರು ಓದಬೇಕಾದುದು: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ ಆ ಅಪರಾಧಕ್ಕೆ ವಿಚಾರಣೆಯಿಂದ ರಕ್ಷಣೆ ಉಂಟು.

ಪ್ರಯಾಣದಲ್ಲಿ ಅಪರಿಚಿತರ ಚೀಲವನ್ನು, ಅದು ಎಷ್ಟೇ ಹಗುರವಿರಲಿ, ಮುಟ್ಟಬಾರದು. ಸೀಟಿನ ಕೆಳಗೆ ವಾರಸುದಾರರಿಲ್ಲದ ಗಂಟು ಕಂಡರೆ 139ಕ್ಕೆ ತಿಳಿಸಬೇಕು. ವ್ಯಸನಮುಕ್ತಿಗೆ ಉಚಿತ ಸಹಾಯವಾಣಿ 14446. ಮನೆಯವರೂ ಕರೆ ಮಾಡಬಹುದು. ಚಟ ಬಿಟ್ಟ ಮೊದಲ ಎರಡು ವಾರ ಮನೆಯವರೊಬ್ಬರು ಸಂಗಡವಿದ್ದು, ವೈದ್ಯರು ಕೊಟ್ಟ ಗುಳಿಗೆಗಳನ್ನು ತಾವೇ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಡುವುದು ಲೇಸು.