ಎರೆಮಣ್ಣಿನ ಮೇಲೊಂದು ಪುಟ್ಟ ರೈಲು

ಯೂಟ್ಯೂಬ್‌ನಲ್ಲಿ ಮಾಡೆಲ್ ರೈಲಿನ ವಿಡಿಯೊ ನೋಡಿದ್ದರೆ ನಿಮಗೂ ಗೊತ್ತಿರುತ್ತೆ: ಹಿಮ ಬಿದ್ದ ಬೆಟ್ಟ, ಸುರಂಗ, ಪೈನ್ ಮರಗಳ ನಡುವೆ ಓಡುವ ಪುಟ್ಟ ರೈಲು. ಆಲ್ಪ್ಸ್ ಮಾಡೋದು ಹೇಗೆ ಅಂತ ಹೇಳಿಕೊಡೋರು ಬೇಕಾದಷ್ಟು ಜನ. ನನಗೆ ಬೇಕಾಗಿದ್ದು ರಾಯಚೂರು. ಬಯಲು, ಎರೆಹೊಲ, ಅಲ್ಲಲ್ಲಿ ಯಾರೋ ಪೇರಿಸಿಟ್ಟಂತಿರುವ ಗುಂಡುಕಲ್ಲಿನ ಗುಡ್ಡ. ಬೆಟ್ಟಕ್ಕಿಂತ ಬಯಲು ಮಾಡೋದೇ ಕಷ್ಟ ಕಣ್ರೀ. ಬೆಟ್ಟದಲ್ಲಿ ಉಬ್ಬು ಉಳಿದರೆ ಬಂಡೆ ಅನ್ನಬಹುದು, ಬಯಲಲ್ಲಿ ಅದೇ ಉಬ್ಬು ಕಣ್ಣಿಗೆ ಹೊಡೆಯುತ್ತೆ.

ಇದೆಲ್ಲ ಶುರುವಾಗಿದ್ದು ಅಕ್ಕನ ಮಗಳಿಂದ. ಅವರ ಮನೆ ದೇವದುರ್ಗದಲ್ಲಿ. ರೈಲು ಹತ್ತಬೇಕೆಂದರೆ ಬಸ್ಸಲ್ಲಿ ರಾಯಚೂರಿಗೇ ಬರಬೇಕು. "ಮಾಮಾ, ನಮ್ಮೂರಿಗಿ ಟ್ರೇನ್ ಯಾಕ ಬರಂಗಿಲ್ಲ?" ಅಂತ ಕೇಳಿದ್ದಳು. ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ 1871ರಲ್ಲೇ ರಾಯಚೂರಲ್ಲಿ ಸೇರಿದವು. ದೇವದುರ್ಗಕ್ಕೆ ಹಳಿಯೇ ಇಲ್ಲ. ಮಾನ್ವಿಯ ಕಥೆ ಇನ್ನೊಂದು ಥರ. ಗಿಣಿಗೇರಾ–ಮಹಬೂಬ್‌ನಗರ ಮಾರ್ಗ ಮಂಜೂರಾಗಿದ್ದು 1997-98ರಲ್ಲಿ. ಸಿಂಧನೂರಿಗೆ ರೈಲು ಬಂದಿದ್ದು 2024ರಲ್ಲಿ. ಸಿಂಧನೂರಿನ ಮುಂದೆ ಮಾನ್ವಿ, ಆಮೇಲೆ ರಾಯಚೂರು. ನನ್ನ ಬೋರ್ಡಿನ ಮೇಲೆ ಆ ತುಂಡನ್ನು ನಾನೇ ಹಾಕೋಣ ಅನ್ನಿಸಿತು.

ನನ್ನದು ಎನ್ ಸ್ಕೇಲ್, ಅಂದರೆ 1:160, ಹಳಿಗಳ ನಡುವೆ 9 ಮಿ.ಮೀ. ಲೆಕ್ಕದ ಪ್ರಕಾರ ರಾಯಚೂರಿನಿಂದ ಮಾನ್ವಿಗೇ ಸುಮಾರು 280 ಮೀಟರ್ ಬೇಕು! ನನ್ನ ಹತ್ತಿರ ಇರೋದು ನಾಲ್ಕಡಿ ಉದ್ದದ ಪ್ಲೈವುಡ್. ಹಾಗಾಗಿ ದೂರ ಬಿಟ್ಟೆ, ನೆಲದ ಗುಣ ಹಿಡಿದೆ.

ತಳಕ್ಕೆ ಥರ್ಮಾಕೋಲ್. ಅಡುಗೆ ಚಾಕುವಿನಿಂದ ಕೊಯ್ದರೆ ಬಿಳಿ ಕಾಳು ಮನೆಯೆಲ್ಲ ಹಾರುತ್ತೆ, ಹ್ಯಾಕ್ಸಾ ಬ್ಲೇಡು ವಾಸಿ. ದ್ರಾವಕ ಇರುವ ಅಂಟು, ಸ್ಪ್ರೇ ಪೇಂಟ್ ಎರಡೂ ಅದನ್ನು ಕರಗಿಸಿಬಿಡುತ್ತವೆ, ಫೆವಿಕಾಲೇ ಸಾಕು. ಏರು ನೂರಕ್ಕೆ ಎರಡು ದಾಟದಿದ್ದರೆ ಚಿಕ್ಕ ಎಂಜಿನ್ ಏದುಸಿರು ಬಿಡಲ್ಲ. ನಾಲ್ಕಡಿಗೆ ಅದು ಎರಡೂವರೆ ಸೆಂಟಿಮೀಟರೂ ಆಗಲ್ಲ.

ಮೇಲಿನ ಪದರಕ್ಕೆ ಎಲ್ಲರೂ ಹೇಳೋದು ಪ್ಲಾಸ್ಟರ್ ಆಫ್ ಪ್ಯಾರಿಸ್. ಹತ್ತು-ಹದಿನೈದು ನಿಮಿಷದಲ್ಲಿ ಗಟ್ಟಿಯಾಗುತ್ತೆ; ನಾಲ್ಕು ಹನಿ ನಿಂಬೆರಸ ಹಿಂಡಿದರೆ ಇನ್ನಷ್ಟು ಸಮಯ ಸಿಗುತ್ತೆ. ಆದರೆ ಭಾರ. ಬೋರ್ಡನ್ನು ಆಗಾಗ ಎತ್ತಿಡಬೇಕಾದ ಮನೆಗೆ ಅದು ಬೇಡ. ನನ್ನ ವೋಟು ರದ್ದಿ ಪೇಪರಿನ ಎರಡು ಪದರ ಅಂಟಿಸಿ, ಅದರ ಮೇಲೆ ವಾಲ್ ಪುಟ್ಟಿಗೆ. ಒಂದು ಸಲಕ್ಕೆ ಒಂದೂವರೆ ಮಿ.ಮೀ. ಒಳಗೇ ಇರಲಿ, ದಪ್ಪ ಬಳಿದರೆ ಒಣಗುವಾಗ ಸೀಳುತ್ತೆ. ಎಳೆಯೋದಕ್ಕೆ ಅವಧಿ ಮುಗಿದ ಎಟಿಎಂ ಕಾರ್ಡ್, ಅಂಚು ಸವರೋದಕ್ಕೆ ಒದ್ದೆ ಬೆರಳು. ಪೂರ್ತಿ ಒಣಗಿದ ಮೇಲೆ 220 ನಂಬರಿನ ಪಾಲಿಶ್ ಪೇಪರ್ ಉಜ್ಜಿ. ಆಗ ಮಾಸ್ಕ್ ಹಾಕ್ಕೊಳ್ಳಿ, ಆ ಧೂಳು ಒಳ್ಳೇದಲ್ಲ.

ಗುಂಡುಕಲ್ಲಿಗೆ ಮಾತ್ರ ನಾನು ಕೊಪ್ಪಳದ ಕಡೆ ನೋಡಿದೆ. ಕಿನ್ನಾಳದ ಕಲಾವಿದರು ಮರದ ಗೊಂಬೆಯ ಸಂದು ಮುಚ್ಚಿ ನುಣುಪು ಮಾಡಲು ಸೆಣಬಿನ ಚಿಂದಿಯ ಪುಡಿಗೆ ಹುಣಸೆಬೀಜದ ಅಂಟು ಕಲಸುತ್ತಾರೆ. ವಿದೇಶದಿಂದ ತರಿಸುವ ಡಬ್ಬಿಯ ಪೇಸ್ಟು ಮಾಡೋ ಕೆಲಸವೇ ಇದು! ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ ಕುದಿಸಿದರೆ ಅಂಟು ರೆಡಿ. ನಾನು ಅದಕ್ಕೆ ಬಡಿಗೇರ ಅಂಗಡಿಯ ಕಟ್ಟಿಗೆ ಹೊಟ್ಟು, ನೆನೆಸಿದ ಪೇಪರು ಸೇರಿಸಿ ಉಂಡೆ ಕಟ್ಟಿದೆ. ನಮ್ಮ ರಾಯಚೂರಿನ ಬಿಸಿಲು ಒಂದು ಕೆಲಸಕ್ಕಾದರೂ ಬಂತು. ಚೆನ್ನಾಗಿ ಒಣಗಿಸದಿದ್ದರೆ ಬೂಸ್ಟು ಹಿಡಿಯುತ್ತೆ; ಒಣಗಿದ ಮೇಲೆ ತೆಳು ಫೆವಿಕಾಲ್ ಬಳಿಯೋದು ಅದಕ್ಕೇ. ಉಂಡೆ ಕಟ್ಟೋ ಕೆಲಸ ಅಕ್ಕನ ಮಗಳದ್ದು, ನನಗಿಂತ ಅವಳ ಕೈ ಚೆನ್ನಾಗಿತ್ತು.

ಇನ್ನು ಎರೆಹೊಲ. ಬಿರುಕು ಬಿಡದಂತೆ ನೋಡಿಕೊಳ್ಳಿ ಅಂತ ಎಲ್ಲ ವಿಡಿಯೊದಲ್ಲೂ ಹೇಳ್ತಾರೆ. ನಮಗೆ ಬಿರುಕೇ ಬೇಕಲ್ಲ! ಅಕ್ಕನ ಹೊಲದ ಮಣ್ಣನ್ನೇ ಬಟ್ಟೆಯಲ್ಲಿ ಸೋಸಿ, ಹುಳು ಉಳಿಯದಂತೆ ಬಾಣಲಿಯಲ್ಲಿ ಹುರಿದು, ನೀರಿಗೆ ಸ್ವಲ್ಪ ಫೆವಿಕಾಲ್ ಹಾಕಿ ಕಲಸಿದೆ. ಬೇಸಿಗೆಯಲ್ಲಿ ಹೊಲದಲ್ಲಿ ಐದು ಸೆಂಟಿಮೀಟರ್ ಅಗಲದ ಬಿರುಕು ಇದ್ದರೆ ನಮ್ಮ ಸ್ಕೇಲಿಗೆ ಅದು 0.3 ಮಿ.ಮೀ., ಕೂದಲಿಗಿಂತ ಕೆಲವು ಪಟ್ಟು ದಪ್ಪ ಅಷ್ಟೇ. ಹಾಗಾಗಿ ಮಣ್ಣು ಒಂದು ಮಿ.ಮೀ. ಮೀರಬಾರದು. ಮೂರು ಮಿ.ಮೀ. ಬಳಿದ ಪರೀಕ್ಷೆ ತುಂಡಿನಲ್ಲಿ ಎಮ್ಮೆ ಬೀಳುವಷ್ಟು ಕಂದಕ ಬಂತು. ಕೆಳಗಿನ ಪುಟ್ಟಿಯನ್ನು ಉಜ್ಜಿ ಒರಟು ಮಾಡಿರಬೇಕು, ಇಲ್ಲದಿದ್ದರೆ ಮಣ್ಣು ಹಪ್ಪಳದಂತೆ ಸುರುಳಿ ಏಳುತ್ತೆ.

ಹಳಿಯ ಕೆಳಗೆ ಮಾತ್ರ ಎರೆಮಣ್ಣು ಬೇಡವೇ ಬೇಡ. ನಿಜವಾದ ರೈಲಿಗೂ ಇದೇ ತಲೆನೋವು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಈ ಮಣ್ಣಿನ ಮೇಲೆ ನೇರ ಹಳಿ ಹಾಕಿದರೆ ನಿಲ್ಲಲ್ಲ, ಉಬ್ಬದ ಮಣ್ಣಿನ ಪದರ ಹಾಕಿ ಏರಿ ಕಟ್ಟಬೇಕು. ನಾನೂ ಹಳಿಯ ಗುಂಟ ಕಾರ್ಕ್ ಪಟ್ಟಿ, ಅದರ ಅಂಚಿಗೆ ಸೋಸಿದ ಕೆಂಪು ಗರಸು ಹಾಕಿದೆ.

ಈಗ ಬೋರ್ಡಿನ ಮೇಲೆ ರಾಯಚೂರಿಂದ ಮಾನ್ವಿಗೆ ರೈಲು ಓಡ್ತಾ ಇದೆ. ದೇವದುರ್ಗದ ಮೂಲೆಯಲ್ಲಿ ಹಳಿ ಇಲ್ಲ, ಇರೋ ವಿಷಯ ಹಾಗೇ ಇರಲಿ ಅಂತ ಬಿಟ್ಟಿದ್ದೆ. ಕಳೆದ ವಾರ ನೋಡಿದರೆ, ಒಣಗಿದ ಎರೆಮಣ್ಣನ್ನು ಚಮಚದಿಂದ ಕೆರೆದು, ಒಂದು ಬೆರಳಗಲ ಕೆಂಪು ಗರಸು ಹಾಸಿಬಿಟ್ಟಿದ್ದಾಳೆ. "ಏರಿ ಆಗ್ಯದ ಮಾಮಾ, ಹಳಿ ನೀ ತಾ" ಅಂದಳು. ಆರ್ಡರ್ ಹಾಕಿದ್ದೀನಿ.