ಊಟ, ನಿದ್ದೆ, ಮನಸ್ಸು: ಏಳು ತಪ್ಪು ಕಲ್ಪನೆಗಳು

ನಮ್ಮ ಮನೆಗಳಲ್ಲಿ ಆರೋಗ್ಯದ ಸಲಹೆಗೆ ಬರವಿಲ್ಲ. ಶುಗರ್ ಬಂತು ಅಂದರೆ ‘ಮುದ್ದೆ ತಿನ್ನಿ, ಸರಿಹೋಗುತ್ತೆ’ ಅನ್ನುತ್ತೇವೆ. ಸುಸ್ತು ಅಂದವರಿಗೆ ‘ಹೊಟ್ಟೆ ತುಂಬಾ ಉಂಡು ಮಲಗು’, ಮನಸ್ಸಿಗೆ ಏನೂ ಬೇಡವಾಗಿದೆ ಅಂದವರಿಗೆ ‘ಧೈರ್ಯ ತಂದುಕೋ’. ಈ ಮಾತುಗಳ ಹಿಂದೆ ಪ್ರೀತಿ ಇದೆ, ಅರ್ಧ ಸತ್ಯವೂ ಇದೆ. ಆದರೆ ಅರ್ಧ ಸತ್ಯವನ್ನೇ ನಂಬಿ ಕೂತವರ ಕಾಯಿಲೆ ಒಳಗೊಳಗೇ ಬೆಳೆಯುತ್ತದೆ. ಒಂದು ಪದಾರ್ಥ ಒಳ್ಳೆಯದೋ ಕೆಟ್ಟದ್ದೋ ಎಂದಷ್ಟೇ ಕೇಳಿದರೆ ಸಾಲದು. ಎಷ್ಟು, ಯಾವುದರ ಜೊತೆ, ಯಾವ ಹೊತ್ತಿನಲ್ಲಿ ಎಂದೂ ಕೇಳಬೇಕು. ಕೆಳಗಿನ ಏಳು ಕಲ್ಪನೆಗಳು ದಾರಿ ತಪ್ಪುವುದು ಬಹುಮಟ್ಟಿಗೆ ಈ ಪ್ರಶ್ನೆಗಳನ್ನು ಕೇಳದೆ ಬಿಡುವುದರಿಂದಲೇ.

ತಪ್ಪು ಕಲ್ಪನೆ 1: ರಾಗಿ ಮುದ್ದೆ ತಿಂದರೆ ಶುಗರ್ ಏರುವುದಿಲ್ಲ

ವಾಸ್ತವ: ರಾಗಿಯ ಹಿರಿಮೆ ಸುಳ್ಳಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ನಾರಿನಂಶವೂ ಅಕ್ಕಿಗಿಂತ ಹೆಚ್ಚು. ಆದರೆ ಅದೇ 100 ಗ್ರಾಂ ರಾಗಿಯಲ್ಲಿ 65ರಿಂದ 70 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಕೂಡ ಇದೆ. ಅದು ಜೀರ್ಣವಾದ ಮೇಲೆ ಗ್ಲೂಕೋಸೇ ಆಗುತ್ತದೆ. ಹಿಟ್ಟು ನುಣ್ಣಗಾದಷ್ಟೂ ಜೀರ್ಣವಾಗುವುದು ಬೇಗ. ಹಾಗಾಗಿ ಶುಗರ್ ಇರುವವರು ಬೆಳಿಗ್ಗೆ ದೊಡ್ಡ ಲೋಟದ ತುಂಬ ಗಂಜಿ ಕುಡಿದು ‘ರಾಗಿಯೇ ತಾನೆ’ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಎರಡು ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಎರಡು ದೊಡ್ಡ ಮುದ್ದೆ, ತಿಳಿ ಸಾರು, ಅದರ ಮೇಲೆ ಮತ್ತೊಂದಿಷ್ಟು ಅನ್ನ. ಇನ್ನೊಂದರಲ್ಲಿ ಒಂದು ಸಣ್ಣ ಮುದ್ದೆ, ಬಸ್ಸಾರು, ಬಸಿದಿಟ್ಟ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟ ಪಲ್ಯ, ಒಂದು ಲೋಟ ಮಜ್ಜಿಗೆ. ರಾಗಿ ಎರಡರಲ್ಲೂ ಇದೆ. ಎರಡನೆಯದರಲ್ಲಿ ಹುರುಳಿ ಅಥವಾ ಅವರೆಯ ಪ್ರೋಟೀನು, ಸೊಪ್ಪಿನ ನಾರು ಸೇರಿ ಗ್ಲೂಕೋಸ್ ರಕ್ತಕ್ಕೆ ಇಳಿಯುವ ವೇಗವನ್ನು ತಗ್ಗಿಸುತ್ತವೆ, ಹಸಿವೂ ಬೇಗ ಕೆರಳುವುದಿಲ್ಲ. ಬಯಲುಸೀಮೆಯ ಅಡುಗೆಮನೆಗೆ ಇದು ಹೊಸತಲ್ಲ. ಈಚೆಗೆ ತಟ್ಟೆಯಲ್ಲಿ ಕಾಳು ಕಡಿಮೆಯಾಗಿ ಅನ್ನ ಹೆಚ್ಚಿದೆ, ಅಷ್ಟೇ. ಉತ್ತರ ಕರ್ನಾಟಕದ ಜೋಳದ ರೊಟ್ಟಿಗೂ ಇದೇ ಲೆಕ್ಕ: ರೊಟ್ಟಿಯ ಜೊತೆಗೆ ಕಾಳುಪಲ್ಯ, ಹಸಿ ತರಕಾರಿ ಇರಲೇಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಜನರಿಗೆ ಮಧುಮೇಹವಿದೆ. ಧಾನ್ಯ ಬದಲಿಸಿದರೆ ಸಾಲದು, ತಟ್ಟೆಯಲ್ಲಿ ಧಾನ್ಯದ ಪಾಲೇ ಇಳಿಯಬೇಕು.

ತಪ್ಪು ಕಲ್ಪನೆ 2: ಸಕ್ಕರೆಯ ಬದಲು ಬೆಲ್ಲ, ಪುಡಿ ಉಪ್ಪಿನ ಬದಲು ಸೈಂಧವ ಲವಣ ಬಳಸಿದರೆ ಚಿಂತೆಯಿಲ್ಲ

ವಾಸ್ತವ: ಬೆಲ್ಲದ ನೂರು ಪಾಲಿನಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ಸಕ್ಕರೆಯೇ. ಒಂದು ಚಮಚ ಬೆಲ್ಲದಿಂದ ಸಿಗುವ ಕಬ್ಬಿಣಾಂಶ ಲೆಕ್ಕಕ್ಕೆ ಬರುವಷ್ಟಿಲ್ಲ. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬಿಪಿ ಮೇಲೆ ಅದರ ಪರಿಣಾಮ ಬೇರೆಯಲ್ಲ. ಅಯೋಡಿನ್ ಬೆರೆಸದ ಉಪ್ಪನ್ನೇ ವರ್ಷಗಟ್ಟಲೆ ಬಳಸಿದರೆ ಥೈರಾಯ್ಡ್ ತೊಂದರೆಗೆ ದಾರಿಯಾಗಬಹುದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಬೇಕರಿಯ ಖಾರಾ ಬಿಸ್ಕತ್ತು ಎಲ್ಲದರ ಉಪ್ಪೂ ಆ ಚಮಚದೊಳಗೇ ಬರಬೇಕು.

ತಪ್ಪು ಕಲ್ಪನೆ 3: ದಿನಾ ಸೊಪ್ಪು ತಿನ್ನುತ್ತೇನೆ, ನನಗೆ ರಕ್ತಹೀನತೆ ಬರುವುದಿಲ್ಲ

ವಾಸ್ತವ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಇವರಲ್ಲಿ ಅನೇಕರು ಸೊಪ್ಪು ತಿನ್ನುವವರೇ. ಸಸ್ಯಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದೇ ಕಡಿಮೆ. ತಿಂಡಿ ತಿಂದ ಕೈ ತೊಳೆಯುತ್ತಲೇ ಕಾಫಿ ಅಥವಾ ಟೀ ಲೋಟ ಹಿಡಿಯುವುದು ನಮ್ಮ ರೂಢಿ. ಅವುಗಳಲ್ಲಿರುವ ಒಗರಿನ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತವೆ. ಕಾಫಿಯನ್ನು ಬಿಡಬೇಕಾಗಿಲ್ಲ, ಊಟ-ತಿಂಡಿಗೂ ಅದಕ್ಕೂ ನಡುವೆ ಒಂದು ಗಂಟೆ ಬಿಟ್ಟರೆ ಆಯಿತು. ಕೋಸಂಬರಿಗೆ, ಸೊಪ್ಪಿನ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಅದರ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆ. ಆದರೆ ಹಿಮೋಗ್ಲೋಬಿನ್ ಆಗಲೇ ಕುಸಿದಿದ್ದರೆ ಊಟವೊಂದೇ ಅದನ್ನು ಮೇಲೆತ್ತಲಾರದು. ವೈದ್ಯರು ಹೇಳಿದಷ್ಟು ತಿಂಗಳು ಕಬ್ಬಿಣದ ಮಾತ್ರೆ ತೆಗೆದುಕೊಳ್ಳಲೇಬೇಕು.

ತಪ್ಪು ಕಲ್ಪನೆ 4: ಸುಸ್ತು, ಮರೆವು, ಸಿಡುಕು ಎಲ್ಲ ವಯಸ್ಸಿನದು, ಇಲ್ಲವೇ ಟೆನ್ಷನ್ನಿನದು

ವಾಸ್ತವ: ಹೀಗೆ ತಳ್ಳಿಹಾಕಿ ಎಷ್ಟೋ ಜನ ವರ್ಷಗಳನ್ನೇ ಕಳೆದುಕೊಳ್ಳುತ್ತಾರೆ. ಮೊದಲು ಪಾದಗಳಲ್ಲಿ ಜೋಮು. ಆಮೇಲೆ ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗದಂಥ ಮರಗಟ್ಟುವಿಕೆ. ನಾಲಿಗೆ ಕೆಂಪಾಗಿ ಖಾರ ತಾಗಿದರೆ ಉರಿ. ಮಾತಿನ ನಡುವೆ ಹೆಸರುಗಳು ಮರೆಯುತ್ತವೆ, ಯಾವುದರಲ್ಲೂ ಉತ್ಸಾಹವಿರುವುದಿಲ್ಲ. ಇವು ವಿಟಮಿನ್ ಬಿ12 ಕೊರತೆಯ ಲಕ್ಷಣಗಳಾಗಿರಬಹುದು. ಈ ವಿಟಮಿನ್ ಸೊಪ್ಪು-ಕಾಳುಗಳಲ್ಲಿ ಇಲ್ಲವೇ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಸಹಜವಾಗಿ ಸಿಗುತ್ತದೆ. ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ಸಂಗ್ರಹವಿರುವುದರಿಂದ ಕೊರತೆ ನಿಧಾನಕ್ಕೆ ತಲೆದೋರುತ್ತದೆ, ಕಾರಣ ಹೊಳೆಯುವುದೇ ಇಲ್ಲ.

ಅಪ್ಪಟ ಸಸ್ಯಾಹಾರಿಗಳು, ವಯಸ್ಸಾದವರು, ಶುಗರಿಗೆ ಮೆಟ್‌ಫಾರ್ಮಿನ್ ನುಂಗುವವರು, ಗ್ಯಾಸ್ಟ್ರಿಕ್ಕಿಗೆಂದು ಬಹುಕಾಲ ಮಾತ್ರೆ ತೆಗೆದುಕೊಳ್ಳುವವರು ಇದರ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೂ ಇದೇ ಬಗೆಯ ಮಂಕು, ಆಲಸ್ಯ, ಬೇಸರ ಕಾಡುತ್ತವೆ. ಬಿ12 ಕೊರತೆಯನ್ನು ಬೇಗ ಪತ್ತೆ ಮಾಡಿದರೆ ಮಾತ್ರೆ ಅಥವಾ ಇಂಜೆಕ್ಷನ್ನಿನಿಂದ ಗುಣವಾಗುತ್ತದೆ. ತಡ ಮಾಡಿದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು.

ತಪ್ಪು ಕಲ್ಪನೆ 5: ಎರಡು ಪೆಗ್ ಹಾಕಿದರೆ ಒಳ್ಳೆ ನಿದ್ದೆ, ಕಳೆದುಹೋದ ನಿದ್ದೆಯನ್ನು ಭಾನುವಾರ ತುಂಬಿಸಿಕೊಂಡರಾಯಿತು

ವಾಸ್ತವ: ಮದ್ಯ ಬೇಗ ಮಂಪರು ತರಿಸುತ್ತದೆ, ಆದರೆ ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ದೆಯನ್ನು ತುಂಡರಿಸುತ್ತದೆ. ಬೆಳಿಗ್ಗೆ ಏಳುವಾಗ ಮನಸ್ಸು ಭಾರ, ಸಂಜೆಗೆ ಮತ್ತೆ ಅದೇ ಬೇಕು. ಕೆಫೀನ್‌ನ ಕಥೆ ಬೇರೆ: ಅದರ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಹಿಡಿಯುತ್ತದೆ. ಸಂಜೆ 5ಕ್ಕೆ ಕುಡಿದ ಕಾಫಿಯ ಕೆಫೀನ್ ಅರ್ಧದಷ್ಟು ರಾತ್ರಿ 10ಕ್ಕೂ ಇರುತ್ತದೆ. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ತಾಸು ನಿದ್ದೆ ಬೇಕು. ಭಾನುವಾರ ಹನ್ನೊಂದಕ್ಕೆ ಎದ್ದರೆ ಆ ರಾತ್ರಿ ನಿದ್ದೆ ಬರುವುದಿಲ್ಲ, ಸೋಮವಾರದಿಂದ ಹಳೇ ಪಾಡು. ಏಳುವ ಹೊತ್ತನ್ನು ವಾರವಿಡೀ ಒಂದೇ ಇಟ್ಟುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ.

ತಪ್ಪು ಕಲ್ಪನೆ 6: ಮನೆಗೆಲಸವೇ ಸಾಕಷ್ಟಿದೆ, ಬೇರೆ ವ್ಯಾಯಾಮ ಬೇಕಿಲ್ಲ

ವಾಸ್ತವ: ಉಸಿರು ಸ್ವಲ್ಪ ಏರುವಂತೆ ನೆಲ ಒರೆಸಿದರೆ, ಬಟ್ಟೆ ಒಗೆದರೆ ಅದೂ ವ್ಯಾಯಾಮವೇ. ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವುದು ದಣಿವು ತರುತ್ತದೆಯೇ ಹೊರತು ಹೃದಯಕ್ಕೆ ಬೇಕಾದ ಕೆಲಸ ಕೊಡುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಊಟವಾದ ಮೇಲಿನ ಹತ್ತು ಹದಿನೈದು ನಿಮಿಷದ ನಡಿಗೆಯೂ ಉಪಯುಕ್ತ. ದುಡಿಯುವ ಸ್ನಾಯುಗಳು ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ನಿತ್ಯದ ನಡಿಗೆಯಿಂದ ಆತಂಕ, ಬೇಸರ ಹಗುರಾಗುತ್ತವೆ. ಮನೆಯ ಹೆಣ್ಣುಮಕ್ಕಳಿಗೆ ನಡಿಗೆಗೆ ಬಿಡುವು ಸಿಗಬೇಕಾದರೆ ಉಳಿದವರು ಪಾತ್ರೆ ತೊಳೆಯಲು ಮುಂದಾಗಬೇಕು.

ತಪ್ಪು ಕಲ್ಪನೆ 7: ಊಟ, ಯೋಗ ಸರಿಯಿದ್ದರೆ ಖಿನ್ನತೆಗೆ ಮಾತ್ರೆ ಬೇಕಿಲ್ಲ

ವಾಸ್ತವ: ಊಟಕ್ಕೂ ಮನಸ್ಸಿಗೂ ನಂಟಿರುವುದು ನಿಜ. ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ‘ಸ್ಮೈಲ್ಸ್’ ಎಂಬ ಅಧ್ಯಯನದಲ್ಲಿ ಖಿನ್ನತೆಯಿದ್ದ 67 ಮಂದಿ ಭಾಗವಹಿಸಿದ್ದರು. ಒಂದು ಗುಂಪಿಗೆ 12 ವಾರ ಆಹಾರ ತಜ್ಞರು ತರಕಾರಿ, ಕಾಳು, ಇಡೀ ಧಾನ್ಯ, ಹಣ್ಣು, ಮೀನು ಹೆಚ್ಚಿಸಿ ಸಿಹಿ, ಕರಿದ ತಿಂಡಿ ಕಡಿಮೆ ಮಾಡಲು ನೆರವಾದರು. ಇನ್ನೊಂದು ಗುಂಪಿಗೆ ಮಾತುಕತೆಗೆ ಒಬ್ಬರ ಒಡನಾಟ ಮಾತ್ರ ಸಿಕ್ಕಿತು. ಮೊದಲ ಗುಂಪಿನಲ್ಲಿ ಶೇ 32ರಷ್ಟು, ಎರಡನೆಯದರಲ್ಲಿ ಶೇ 8ರಷ್ಟು ಮಂದಿ ಖಿನ್ನತೆಯಿಂದ ಹೊರಬಂದರು. ಆದರೆ ಅಧ್ಯಯನದಲ್ಲಿದ್ದವರ ಪೈಕಿ ಹೆಚ್ಚಿನವರು ಮಾತ್ರೆ ಅಥವಾ ಆಪ್ತಸಮಾಲೋಚನೆಯನ್ನು ಮುಂದುವರಿಸಿದ್ದರು. ಊಟ ಚಿಕಿತ್ಸೆಗೆ ಬಲ ಕೊಟ್ಟಿತು, ಅದರ ಜಾಗಕ್ಕೆ ಬರಲಿಲ್ಲ. ಅಧ್ಯಯನ ಸಣ್ಣದೆಂಬುದೂ ನೆನಪಿರಲಿ.

ಬಾಳೆಹಣ್ಣು ತಿಂದರೆ ಮಿದುಳಿನಲ್ಲಿ ಸೆರೊಟೋನಿನ್ ಹೆಚ್ಚುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಬಾಳೆಹಣ್ಣಿನಲ್ಲಿರುವ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಇನ್ನು ಮಾನಸಿಕ ಕಾಯಿಲೆಗೆಂದು ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪ್ಪನ್ನು ತೀರಾ ಇಳಿಸುವುದು, ನೀರೂ ಕುಡಿಯದೆ ಉಪವಾಸ ಮಾಡುವುದು ಅಪಾಯಕಾರಿ. ರಕ್ತದಲ್ಲಿ ಔಷಧದ ಮಟ್ಟ ವಿಷವಾಗುವಷ್ಟು ಏರಬಹುದು.

ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯಂಥ ಸಾಮಾನ್ಯ ಮಾನಸಿಕ ಸಮಸ್ಯೆಗಳಿದ್ದವರಲ್ಲಿ ಸುಮಾರು ಶೇ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮನೆಯಲ್ಲಿ ಯಾರಾದರೂ ಎರಡು ವಾರ ದಾಟಿದರೂ ಊಟ-ನಿದ್ದೆ ಬಿಟ್ಟು, ಇಷ್ಟದ ಕೆಲಸಗಳನ್ನೂ ಬಿಟ್ಟು ಮೂಲೆ ಸೇರಿದ್ದರೆ ಬುದ್ಧಿಮಾತು ನಿಲ್ಲಿಸಿ ವೈದ್ಯರ ಬಳಿ ಕರೆದೊಯ್ಯಿರಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅವರ ತಟ್ಟೆಗೆ ಒಳ್ಳೆಯ ಊಟ ಬಡಿಸುವುದು ಎಷ್ಟು ಅಕ್ಕರೆಯ ಕೆಲಸವೋ ಆ ಕರೆ ಮಾಡಿಕೊಡುವುದೂ ಅಷ್ಟೇ ಅಕ್ಕರೆಯ ಕೆಲಸ.